ಖಾಲಿ ಗಾಡಿಯ ಗುಂಯ್

ನಮ್ಮ ಮನೆಯಲ್ಲಿ ನನ್ನ ಕಿವಿಯ ಬಗ್ಗೆ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಹೋದ ವರ್ಷ ಒಂದು ದಿನ ಹೆಂಡತಿ ಅಡುಗೆಮನೆಯಿಂದ "ಬರಾಗ ಒಂದ್ ಕಿಲೋ ಸಕ್ಕರಿ ತರ್ರಿ" ಎಂದು ಕೂಗಿದಳು. ನಾನು ಒಂದು ಕಿಲೋ ಅಕ್ಕಿ ತಂದು ಕೊಟ್ಟೆ. ಅಂದಿನಿಂದ ಎಂಟನೆಯ ತರಗತಿಯ ಮೊಮ್ಮಗಳು ನನಗೇನಾದರೂ ಹೇಳಬೇಕಾದರೆ ಎದುರಿಗೆ ಬಂದು ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾಳೆ. ಮಗ ಗದಗಿಗೆ ಕರೆದೊಯ್ದು ಕಿವಿಯ ಪರೀಕ್ಷೆ ಮಾಡಿಸಿದ. ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನೂ ಕೊಡಿಸಿದ. ಎರಡು ದಿನ ಹಾಕಿಕೊಂಡೆ. ಪಾತ್ರೆ ತಿಕ್ಕುವ ಸದ್ದೆಲ್ಲ ತಲೆಯೊಳಗೇ ಆದಂತಾಯಿತು. ಮೂರನೆಯ ದಿನ ಅದನ್ನು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆ. "ನನಗ ಕೇಳಸೋದೆಲ್ಲಾ ಕೇಳಸ್ತೈತಿ" ಎಂದು ಹೇಳಿಬಿಟ್ಟೆ.

ಅದು ಪೂರ್ತಿ ಸುಳ್ಳೂ ಅಲ್ಲ. ಮಗನ ಪಿಕಪ್ ಗಾಡಿ ಗುಂಯ್ ಎನ್ನುತ್ತಿರುವುದನ್ನು ಮನೆಯಲ್ಲಿ ಮೊದಲು ಕೇಳಿದವನು ನಾನೇ.

ನಾವು ಡಂಬಳದವರು. ಗದಗಿನಿಂದ ಮುಂಡರಗಿಗೆ ಹೋಗುವಾಗ ಸಿಗುವ ಊರು. ದೊಡ್ಡಬಸಪ್ಪನ ಗುಡಿಯನ್ನು ನೋಡಲು ದೂರದೂರದವರು ಬರುತ್ತಾರೆ. ಊರವರಾದ ನಮಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಮಳೆ ಇವುಗಳದೇ ಚಿಂತೆ. ನಾನು ಬಿ.ಕಾಂ. ಮಾಡಿ, ಗದಗಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ನಿವೃತ್ತನಾದವನು. ಮಗ ನೌಕರಿಯ ಕಡೆ ಮುಖ ಮಾಡಲಿಲ್ಲ. ಸಾಲ ಮಾಡಿ ಒಂದು ಪಿಕಪ್ ಕೊಂಡ. ಊರಿನ ರೈತರ ಮಾಲನ್ನು ಗದಗ ಮತ್ತು ಹುಬ್ಬಳ್ಳಿಯ ಮಾರುಕಟ್ಟೆಗೆ ಸಾಗಿಸುವುದು ಅವನ ಕೆಲಸ.

ನಮ್ಮ ಕಡೆಯದು ಎರೆ ಭೂಮಿ. ಮಳೆ ಬಿದ್ದರೆ ಹೊಲದ ದಾರಿ ಕೆಸರಿನ ಗುಂಡಿ. ತುಂಬಿದ ಗಾಡಿ ಹಿಂದೆ ಕುಸಿದು ಕೂರುತ್ತದೆ. ಅದಕ್ಕೆ ಮಗ ಒಂದು ಉಪಾಯ ಮಾಡಿದ. ಹಿಂದಿನ ಗಾಲಿಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದಕ್ಕೆ ನಮ್ಮಲ್ಲಿ ಪಾಟಾ ಎನ್ನುತ್ತಾರೆ. ಎರಡೂ ಕಡೆ ಒಂದೊಂದು ಪಾಟಾ ಹೆಚ್ಚು ಹಾಕಿಸಿದ. ಪಾಟಾಕ್ಕೂ ಅಚ್ಚಿಗೂ ನಡುವೆ ಮೂರು ಇಂಚು ದಪ್ಪದ ಕಬ್ಬಿಣದ ತುಂಡನ್ನು ಕೂರಿಸಿದ. ಒಂದು ಅಳತೆ ದೊಡ್ಡ ಟೈರು ಏರಿಸಿದ. ಗಾಡಿ ಹಿಂದೆ ಎತ್ತರವಾಗಿ, ಹೋರಿಯಂತೆ ನಿಂತಿತು.

"ಕಂಪನಿಯವರು ಲೆಕ್ಕಾ ಹಾಕಿ ಮಾಡಿರ್ತಾರ. ನೀ ಯಾಕ ಕೈ ಹಚ್ಚಿದಿ?" ಎಂದೆ.

"ನೀವು ಬ್ಯಾಂಕಿನ್ಯಾಗ ಫ್ಯಾನಿನ ಕೆಳಗ ಕುಂತವರು ಅಪ್ಪಾ. ಕೆಸರಿನ್ಯಾಗ ಗಾಡಿ ನೂಕೋದು ನಿಮಗೇನ್ ಗೊತ್ತು?" ಎಂದ.

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ನೋವಾಯಿತು. ಆಮೇಲೆ ಗಾಡಿಯ ವಿಷಯವನ್ನು ನಾವಿಬ್ಬರೂ ಮಾತನಾಡುವುದನ್ನೇ ಬಿಟ್ಟೆವು.

ಸದ್ದು ಶುರುವಾದದ್ದು ಕಾರ್ತೀಕ ಮಾಸದಲ್ಲಿ, ಉಳ್ಳಾಗಡ್ಡಿಯ ಸುಗ್ಗಿಯ ನಡುವೆ. ಸಂಜೆ ಕಟ್ಟೆಯ ಮೇಲೆ ಕುಳಿತಿದ್ದರೆ ದೂರದ ರಸ್ತೆಯಿಂದಲೇ ಗೊತ್ತಾಗುತ್ತಿತ್ತು. ದೊಡ್ಡ ದುಂಬಿಯೊಂದು ಡಬ್ಬಿಯಲ್ಲಿ ಸಿಕ್ಕಿಕೊಂಡಂತೆ, ಎದೆಗೆ ತಾಗುವ ಒಂದು ಗುಂಯ್. ಮಗ ಗ್ಯಾರೇಜಿಗೆ ಒಯ್ದ. ಟೈರುಗಳನ್ನು ಹಿಂದುಮುಂದು ಮಾಡಿದರು. ಹೋಗಲಿಲ್ಲ. ಹಿಂದಿನ ಎರಡೂ ಗಾಲಿಗಳ ಬೇರಿಂಗ್ ಬದಲಿಸಿದರು. ಹೋಗಲಿಲ್ಲ. ಕೊನೆಗೆ ಅಲ್ಲಿಯ ಮಿಸ್ತ್ರಿ, "ಇದು ಕ್ರೌನ್–ಪಿನಿಯನ್ ಸದ್ದು, ಪೂರ್ತಿ ಬದಲಿಸಬೇಕು, ನಲವತ್ತು ಸಾವಿರದ ಹತ್ತಿರ ಬರತೈತಿ" ಎಂದ.

ಆ ರಾತ್ರಿ ಮಗ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಸುಮ್ಮನಿದ್ದ. ಆಮೇಲೆ ತಲೆ ಎತ್ತದೆ ಹೇಳಿದ: "ಅಪ್ಪಾ, ನಾಳೆ ಒಂದೀಟ್ ಗಾಡ್ಯಾಗ ಕುಂತು ಕೇಳ್ತೀರೇನು?"

ಕಿವಿ ಕೇಳದ ಮುದುಕನನ್ನು ಸದ್ದು ಕೇಳಲು ಕರೆದರು! ಮೊಮ್ಮಗಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನು ಮಾತ್ರ ಆ ರಾತ್ರಿ ನಿದ್ದೆ ಮಾಡಲಿಲ್ಲ. ಯಂತ್ರದ ವಿದ್ಯೆ ನನಗೆ ಬರದು. ನನಗೆ ಬರುವುದು ಒಂದೇ, ತಾಳೆಯಾಗದ ಲೆಕ್ಕದಲ್ಲಿ ತಪ್ಪು ಹುಡುಕುವುದು.

ಮಕ್ಕಳೇ, ಆಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಜೂನ್ ಮತ್ತು ಡಿಸೆಂಬರ್ ಕೊನೆಗೆ ದಪ್ಪ ದಪ್ಪ ಲೆಜರುಗಳನ್ನು ಹರಡಿಕೊಂಡು ರಾತ್ರಿಯೆಲ್ಲ ಕೂಡಿಸುತ್ತಿದ್ದೆವು. ನಾನು ಹೊಸಬನಾಗಿದ್ದಾಗ ಒಮ್ಮೆ 270 ರೂಪಾಯಿ ವ್ಯತ್ಯಾಸ ಬಂತು. ನಾನು ಗಾಬರಿಯಾಗಿ ಮೊದಲ ಪುಟದಿಂದ ಎಲ್ಲವನ್ನೂ ತಿದ್ದಲು ಹೊರಟೆ. ಹಿರಿಯ ಗುಮಾಸ್ತರು ನನ್ನ ಕೈ ಹಿಡಿದರು. "ತಿದ್ದಬ್ಯಾಡ. ಮೊದಲು ವ್ಯತ್ಯಾಸದ ಮಾತು ಕೇಳು. ಒಂಬತ್ತರಿಂದ ಭಾಗಿಸು" ಎಂದರು. 270 ಒಂಬತ್ತರಿಂದ ಸರಿಯಾಗಿ ಭಾಗವಾಯಿತು. "ಹಂಗಾದ್ರ ಯಾರೋ ಅಂಕಿ ಹಿಂದುಮುಂದು ಬರದಿರಬೇಕು, ಅಂಥದ್ದನ್ನ ಹುಡುಕು" ಎಂದರು. ಸಿಕ್ಕಿತು. 1,520 ಎಂದು ಬರೆಯುವಲ್ಲಿ 1,250 ಎಂದಿತ್ತು. ಬರೆದವನು ನಾನೇ!

ಪಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ನೀವೂ ಬರೆದು ನೋಡಿ. ಅಂದು ಕಲಿತ ಪಾಠ ಇಷ್ಟು. ತಪ್ಪು ತನ್ನ ಗುರುತನ್ನು ಬಿಟ್ಟೇ ಹೋಗಿರುತ್ತದೆ. ಗುರುತನ್ನು ಓದುವ ಮೊದಲೇ ತಿದ್ದಲು ಹೋದರೆ ಸರಿ ಇದ್ದದ್ದೂ ಕೆಡುತ್ತದೆ. ಗಾಡಿಯ ವಿಷಯದಲ್ಲಿ ಆಗಿದ್ದೂ ಅದೇ. ಒಂದಾದ ಮೇಲೊಂದು ಸಾಮಾನು ಬದಲಿಸಿದ್ದರು. ಸದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮರುದಿನ ಭಾನುವಾರ. ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆ. ಏನು ಮಾಡಿದೆವು, ಸದ್ದು ಏನಾಯಿತು, ಯಾವುದನ್ನು ಬಿಡಬಹುದು. ಗಾಡಿಯಲ್ಲಿ ಡ್ರೈವರನ ಪಕ್ಕ ಒಬ್ಬರಿಗಷ್ಟೇ ಜಾಗ. ಒಂದು ಸುತ್ತು ನಾನು, ಒಂದು ಸುತ್ತು ಮೊಮ್ಮಗಳು ಎಂದು ಒಪ್ಪಂದವಾಯಿತು. ಮುಂಡರಗಿ ರಸ್ತೆಯಲ್ಲಿ ಬೆಳಿಗ್ಗೆ ವಾಹನ ಕಡಿಮೆ. ಒಂದು ಬಾರಿಗೆ ಒಂದೇ ಬದಲಾವಣೆ ಎಂಬುದು ನನ್ನ ಕಟ್ಟುನಿಟ್ಟು.

ಮೊದಲು ಗಾಡಿಯನ್ನು ನಿಲ್ಲಿಸಿಯೇ ಎಂಜಿನ್ನನ್ನು ಜೋರು ಮಾಡಿಸಿದೆ. ಗುಂಯ್ ಇಲ್ಲ. ಅಂದರೆ ಎಂಜಿನ್ ನಿರಪರಾಧಿ. ಎರಡನೆಯದು, ಅದೇ ವೇಗದಲ್ಲಿ ಒಮ್ಮೆ ಐದನೆಯ ಗೇರು, ಒಮ್ಮೆ ನಾಲ್ಕನೆಯದು. ಎಂಜಿನ್ನಿನ ಸದ್ದು ಏರಿತು, ಗುಂಯ್ ಮಾತ್ರ ಇದ್ದಂತೆಯೇ ಇತ್ತು. ಅಂದರೆ ಅದು ಎಂಜಿನ್ನಿನ ಓಟಕ್ಕಲ್ಲ, ಗಾಲಿಯ ಓಟಕ್ಕೆ ಕಟ್ಟುಬಿದ್ದದ್ದು. ಕಳ್ಳ ಗೇರ್‌ಬಾಕ್ಸಿನಿಂದ ಹಿಂದೆ ಎಲ್ಲೋ ಇದ್ದಾನೆ. ಮೂರನೆಯದು, ಡಾಂಬರು ಬಿಟ್ಟು ಸಿಮೆಂಟ್ ರಸ್ತೆಗೆ ಬಂದೆವು. ಟೈರಿನ ಸದ್ದಾದರೆ ನೆಲ ಬದಲಾದಾಗ ಸದ್ದೂ ಬದಲಾಗಬೇಕು. ಬದಲಾಗಲಿಲ್ಲ. ನಾಲ್ಕನೆಯದು, ಉದ್ದನೆಯ ತಿರುವುಗಳು. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಯ ಮೇಲೆ, ಬಲಕ್ಕೆ ತಿರುಗಿದಾಗ ಎಡಗಾಲಿಯ ಮೇಲೆ. ಗಾಲಿಯ ಬೇರಿಂಗ್ ಸವೆದಿದ್ದರೆ ಸದ್ದು ಒಂದು ಕಡೆಯ ತಿರುವಿನಲ್ಲಿ ಹೆಚ್ಚಬೇಕು. ಹೆಚ್ಚಲಿಲ್ಲ. ಬದಲಿಸಿದ ಬೇರಿಂಗುಗಳ ದುಡ್ಡು ನೀರಿಗೆ ಹೋಗಿತ್ತು.

ಐದನೆಯ ಸಾಲನ್ನು ಬರೆಸಿದವನು ಮಗ. ನಾನು ಕೇಳಿದೆ, "ಮಾಲು ತುಂಬಿದಾಗ ಹೆಂಗ?"

ಅವನು ಸ್ವಲ್ಪ ಯೋಚಿಸಿದ. "ಹೌದಲ್ಲ... ತುಂಬಿ ಹೋಗುವಾಗ ಇಷ್ಟು ಕೇಳಸೂದಿಲ್ಲ ಅಪ್ಪಾ. ಖಾಲಿ ಬರುವಾಗನ ಇದರ ಹಾಡು ಜೋರು."

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ಜಂಬದ ಜನರಿಗೆ ಹೇಳುತ್ತೇವೆ. ಅಂದು ಅದು ಗಾಡಿಗೂ ಹೊಂದಿತು. ಆದರೆ ಸವೆದ ಹಲ್ಲು ಭಾರ ಬಿದ್ದಾಗ ಹೆಚ್ಚು ಕೂಗಬೇಕಲ್ಲವೆ? ಭಾರ ಬಿದ್ದಾಗ ಸುಮ್ಮನಾಗುವ ರೋಗ ಯಾವುದು? ಭಾರ ಬಿದ್ದಾಗ ಬದಲಾಗುವುದೇನು? ಎತ್ತರ! ಗಾಡಿ ಕೆಳಗೆ ಇಳಿದು, ಕಂಪನಿ ಕೂರಿಸಿದ್ದ ಎತ್ತರಕ್ಕೆ ಬರುತ್ತದೆ. ನಾನು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಸುತ್ತು ಮೊಮ್ಮಗಳದು. ಅವಳು ಹಿಂದೂಸ್ತಾನಿ ಸಂಗೀತ ಕಲಿಯುತ್ತಾಳೆ. ಮರಳಿ ಬಂದವಳೇ ಒಳಗೋಡಿ, ಫೋನಿನಲ್ಲಿ ತಂಬೂರಿಯ ಶ್ರುತಿ ಹಚ್ಚಿ ನನ್ನ ಕೈಗಿಟ್ಟಳು.

"ಅಜ್ಜಾ, ಗಾಡಿ ಬಿಳಿ ಒಂದರಾಗ ಖರ್ಜ ಹಚ್ಚೇತಿ!"

ನನಗೆ ಮೈ ಜುಂ ಎಂದಿತು. ಖರ್ಜವೆಂದರೆ ತಂಬೂರಿಯ ಕೊನೆಯ ದಪ್ಪ ತಂತಿ, ಕೆಳಗಿನ ಷಡ್ಜ. ಗದಗಿನಲ್ಲಿದ್ದಾಗ ಸಂಜೆ ವೀರೇಶ್ವರ ಪುಣ್ಯಾಶ್ರಮದ ಕಡೆ ನಡೆದು ಹೋಗುತ್ತಿದ್ದೆ. ಕಣ್ಣಿಲ್ಲದ ಮಕ್ಕಳು ಅಲ್ಲಿ ತಂಬೂರಿಗೆ ಕಿವಿಕೊಟ್ಟು ಕುಳಿತಿರುತ್ತಿದ್ದರು. ಗುರುಗಳಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದ ವರ್ಷವೇ ಅವರು ಲಿಂಗೈಕ್ಯರಾದರು. ಕೇಳುವುದು ಒಂದು ವಿದ್ಯೆ, ಅದನ್ನು ಕಲಿಯಬೇಕಾಗುತ್ತದೆ ಎಂದು ನನಗೆ ಮೊದಲು ಅನ್ನಿಸಿದ್ದು ಆ ಗೋಡೆಯ ಪಕ್ಕದಲ್ಲಿ.

ಎಂಟನೆಯ ತರಗತಿಯ ಮಕ್ಕಳಿಗೆ ಶಬ್ದದ ಪಾಠ ಗೊತ್ತಿದೆ. ಶಬ್ದವೆಂದರೆ ಕಂಪನ. ಸೆಕೆಂಡಿಗೆ ಎಷ್ಟು ಕಂಪನವೋ ಅದು ಆವೃತ್ತಿ, ಅದರ ಅಳತೆ ಹರ್ಟ್ಸ್. ಮೊಮ್ಮಗಳು ಶ್ರುತಿ ನೋಡಿಕೊಳ್ಳುವ ಟ್ಯೂನರನ್ನು ಫೋನಿನಲ್ಲಿಟ್ಟಿದ್ದಳು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು 65ರ ಆಸುಪಾಸು ತೋರಿಸಿತ್ತು. ಸೆಕೆಂಡಿಗೆ 65 ಕಂಪನ. ನನ್ನ 270 ರೂಪಾಯಿಯಂತೆ ಇದೂ ಒಂದು ಗುರುತು. ಇನ್ನು ಗಾಡಿಯಲ್ಲಿ ಸೆಕೆಂಡಿಗೆ 65 ಸಲ ಆಗುವುದು ಯಾವುದು ಎಂದು ಹುಡುಕಿದರೆ ಮುಗಿಯಿತು.

ಮೊದಲು 60 ಕಿಲೋಮೀಟರ್ ನಿಜವೇ ಎಂದು ನೋಡಬೇಕಿತ್ತು. ದೊಡ್ಡ ಟೈರು ಒಂದು ಸುತ್ತಿನಲ್ಲಿ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ತಿಳಿಯದು. ರಸ್ತೆಬದಿಯ ಕಿಲೋಮೀಟರ್ ಕಲ್ಲು ನೋಡಿ ಸಮಯ ಹಿಡಿದೆವು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ 60 ಸೆಕೆಂಡು ಆದರೆ ಗಂಟೆಗೆ 60 ಕಿಲೋಮೀಟರ್. ಆಗ ಮೀಟರಿನ ಮುಳ್ಳು 56ರಲ್ಲಿತ್ತು. ಮಗ ಇಷ್ಟು ದಿನ ತಾನು ತಿಳಿದದ್ದಕ್ಕಿಂತ ಜೋರಾಗಿ ಓಡಿಸುತ್ತಿದ್ದ!

ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಅಳೆದೆವು. 2 ಮೀಟರ್ 10 ಸೆಂಟಿಮೀಟರ್. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.67 ಮೀಟರ್. ಅದನ್ನು 2.1ರಿಂದ ಭಾಗಿಸಿದರೆ ಗಾಲಿ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. 65 ಅಲ್ಲ.

ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವುದು ಗಾಡಿಯ ಹೊಟ್ಟೆಯಡಿ ಉದ್ದಕ್ಕೆ ಮಲಗಿರುವ ಕೊಳವೆ, ಪ್ರೊಪೆಲ್ಲರ್ ಶಾಫ್ಟ್. ಅದು ಗಾಲಿಗಿಂತ ಎಷ್ಟು ಪಟ್ಟು ಹೆಚ್ಚು ತಿರುಗುತ್ತದೆ? ಇದನ್ನು ಮಾತ್ರ ನಮ್ಮೂರಿನ ಪರಿಚಯದ ಮಿಸ್ತ್ರಿಯ ಹತ್ತಿರ, ಅವನ ಕೈಯಿಂದಲೇ ಮಾಡಿಸಿದೆವು. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಕ್ಕಳು ಯಾವ ಕಾರಣಕ್ಕೂ ಹೋಗಬಾರದು, ದೊಡ್ಡವರೂ ಆಸರೆಯಿಲ್ಲದೆ ಹೋಗಬಾರದು. ಅವನು ಎಂಜಿನ್ ನಿಲ್ಲಿಸಿ, ಗೇರ್ ತೆಗೆದು, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಗಾಲಿಯನ್ನು ಎತ್ತಿ ಕೈಯಿಂದ 20 ಸುತ್ತು ತಿರುಗಿಸಿದ. ಮೊಮ್ಮಗಳು ದೂರ ನಿಂತು ಶಾಫ್ಟಿನ ಮೇಲಿನ ಗುರುತು ಎಣಿಸಿದಳು. 41 ಸುತ್ತು. ಒಂದು ಗಾಲಿ ನೆಲದಲ್ಲಿ ನಿಂತಿದ್ದರಿಂದ 20 ಸುತ್ತು ಎಂದರೆ ಎರಡೂ ಗಾಲಿ ಸೇರಿ 10 ಸುತ್ತಿನ ಲೆಕ್ಕ. ಹಾಗಾಗಿ ಗಾಲಿ ಒಂದು ಸುತ್ತು ಬಂದರೆ ಶಾಫ್ಟ್ 4.1 ಸುತ್ತು. ಸೆಕೆಂಡಿಗೆ 8 ಸುತ್ತಾದರೆ ಶಾಫ್ಟ್ ಸುಮಾರು 32ವರೆ.

"65ರ ಅರ್ಧ!" ಎಂದಳು ಮೊಮ್ಮಗಳು.

ಬ್ಯಾಂಕಿನಲ್ಲಿ ಒಂಬತ್ತರ ಸೂತ್ರದಂತೆ ಎರಡರ ಸೂತ್ರವೂ ಇತ್ತು. ಖರ್ಚಿನ ಮೊತ್ತವನ್ನು ಜಮೆಯ ಕಡೆ ಬರೆದುಬಿಟ್ಟರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. ಇಲ್ಲಿಯೂ ಎರಡರಷ್ಟು! ಶಾಫ್ಟ್ ಒಂದು ಸುತ್ತು ತಿರುಗುವಾಗ ಏನೋ ಒಂದು ಎರಡೆರಡು ಸಲ ಆಗುತ್ತಿದೆ. ಮಿಸ್ತ್ರಿಯನ್ನು ಕೇಳಿದೆ. ಅವನು ಶಾಫ್ಟಿನ ಎರಡೂ ತುದಿಯ ಕ್ರಾಸ್ ತೋರಿಸಿದ.

ಕ್ರಾಸ್ ಎಂದರೆ ಕೂಡು ಚಿಹ್ನೆಯಂಥ ಉಕ್ಕಿನ ತುಂಡು. ನಮ್ಮ ಮಣಿಕಟ್ಟಿನಂತೆ ಅದು ಬಾಗಿಕೊಂಡೇ ತಿರುಗಲು ಬಿಡುತ್ತದೆ. ಇದಕ್ಕೆ ಹುಕ್ಸ್ ಜಾಯಿಂಟ್ ಎಂಬ ಹೆಸರೂ ಇದೆ. 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಇದರ ನಡೆಯನ್ನು ಅಭ್ಯಾಸ ಮಾಡಿದವನು. ಮೊಮ್ಮಗಳಿಗೆ ಈ ಹೆಸರು ಗೊತ್ತಿತ್ತು, ಜೀವಕೋಶದ ಪಾಠದಲ್ಲಿ ಬರುವ ಹುಕ್ ಇವನೇ. ಈ ಜಾಯಿಂಟಿಗೆ ಒಂದು ದುರ್ಗುಣವಿದೆ. ಬಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲಿ ಎರಡು ಸಲ ಅವಸರ ಮಾಡುತ್ತದೆ, ಎರಡು ಸಲ ತಡ ಮಾಡುತ್ತದೆ. ಬಾಗು ಹೆಚ್ಚಿದಷ್ಟೂ ಈ ಅವಾಂತರ ಹೆಚ್ಚು. ಅದಕ್ಕೇ ಎರಡು ತುದಿಗೆ ಎರಡು ಕ್ರಾಸ್. ಎರಡರ ಬಾಗೂ ಒಂದೇ ಇದ್ದರೆ ಒಂದು ಮಾಡಿದ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ, ಜಮಾ–ಖರ್ಚು ತಾಳೆಯಾಗುವಂತೆ. ಬಾಗು ಹೆಚ್ಚುಕಡಿಮೆಯಾದರೆ ಶಿಲ್ಕು ಉಳಿಯುತ್ತದೆ. ಆ ಶಿಲ್ಕೇ ನಮ್ಮ ಗುಂಯ್.

ಹಾಗಾದರೆ ಕ್ರೌನ್–ಪಿನಿಯನ್? ಹಿಂದಿನ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಜೋತಿರುವ ಹೌಸಿಂಗಿನ ಒಳಗೆ ದೊಡ್ಡ ಹಲ್ಲಿನ ಚಕ್ರವಿರುತ್ತದೆ, ಅದೇ ಕ್ರೌನ್. ಮೇಲಿನಿಂದ ನೋಡಿದರೆ ನಮ್ಮ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸವೂ ಹಾಗೆಯೇ ಕಾಣುತ್ತದೆ, 24 ಮೂಲೆಗಳ ನಕ್ಷತ್ರ. ಕ್ರೌನಿಗೆ 41 ಹಲ್ಲು ಎಂದ ಮಿಸ್ತ್ರಿ. ಸೆಕೆಂಡಿಗೆ 8 ಸುತ್ತು, ಸುತ್ತಿಗೆ 41 ಹಲ್ಲು. ಅದು ಕೂಗಿದ್ದರೆ 325ರ ಸುಮಾರಿಗೆ, ಐದು ಪಟ್ಟು ಮೇಲಿನ ಸ್ವರದಲ್ಲಿ ಕೂಗಬೇಕಿತ್ತು. ಖರ್ಜದಲ್ಲಿ ಅಲ್ಲ. ನಲವತ್ತು ಸಾವಿರ ಉಳಿಯಿತು.

ನಾನು ನೋಟುಬುಕ್ಕಿನ ಕೆಳಗೆ "ತಾಳೆಯಾಗಿದೆ" ಎಂದು ಬರೆದು ಸಹಿ ಹಾಕಿದೆ. ಎತ್ತರಿಸಿದ್ದರಿಂದ ಬಾಗು ಕೆಟ್ಟಿದೆ, ಬರುವ ವಾರ ಪುರಸತ್ತಾದಾಗ ಇಳಿಸಿದರಾಯಿತು ಎಂದು ಮಗನಿಗೆ ಹೇಳಿದೆ. ಅವನಿಗೆ ಅದೇ ರಾತ್ರಿ ಹುಬ್ಬಳ್ಳಿಗೆ ಉಳ್ಳಾಗಡ್ಡಿಯ ಬಾಡಿಗೆ ಇತ್ತು. "ಹೋಗಿ ಬಾ, ಬರೇ ಸದ್ದಷ್ಟ" ಎಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನನ್ನ ಜಾಣತನದ ಕಥೆಯಾಗುತ್ತಿತ್ತು. ಮುಂದಿನದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ.

ಸಂಜೆ ಮಗ ಗಾಡಿಯನ್ನು ಓಣಿಯಿಂದ ನಿಧಾನವಾಗಿ ಹೊರತೆಗೆಯುತ್ತಿದ್ದ. ಮೊಮ್ಮಗಳು ನನ್ನ ಎದುರಿಗೆ ಬಂದು ನಿಂತಳು. "ಅಜ್ಜಾ, ಇನ್ನೊಂದ್ ಸದ್ದು ಐತಿ. ಚಿಂವ್, ಚಿಂವ್ ಅಂತೈತಿ. ಗುಬ್ಬಿ ಕೂಗಿದಂಗ."

"ಗುಬ್ಬಿನೇ ಇರಬೇಕವ್ವಾ" ಎಂದೆ.

"ಗಾಡಿ ನಿಂತರ ನಿಲ್ತೈತಿ, ಹೊಂಟರ ಕೂಗತೈತಿ. ಮುಂಜಾನೆನೂ ಹೇಳಿದ್ದೆ. ನೀ ಬರಕೊಳ್ಳಲೇ ಇಲ್ಲ."

ನೋಟುಬುಕ್ಕು ತೆಗೆದು ನೋಡಿದೆ. ಮೊದಲ ಪುಟದಲ್ಲಿ ನನ್ನದೇ ದುಂಡನೆಯ ಅಕ್ಷರ: "ನಿಧಾನ ಓಡಿಸಿದಾಗ ಬೇರೆ ಸದ್ದಿಲ್ಲ." ನನಗೆ ಕೇಳಿಸಲಿಲ್ಲ ಎಂಬುದನ್ನು ನಾನು ಸದ್ದಿಲ್ಲ ಎಂದು ಬರೆದಿದ್ದೆ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ಬರೆದವನು ಮಾಡಿದ ಸುಳ್ಳು ನಮೂದು ಅದು. ಗದಗಿನ ಕಿವಿಯ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ವಯಸ್ಸಾದಂತೆ ಮೊದಲು ಹೋಗುವುದು ಸಣ್ಣ, ಎತ್ತರದ ಸ್ವರಗಳು. ದಪ್ಪ ಸ್ವರಗಳು ಬಹಳ ದಿನ ಉಳಿಯುತ್ತವೆ. 'ಸಕ್ಕರಿ'ಯ ಸಕಾರ ಹೋಗಿ ನನಗೆ 'ಅಕ್ಕಿ' ಆದದ್ದು ಹಾಗೆಯೇ. ಗಾಡಿಯ ಖರ್ಜ ನನ್ನ ಪಾಲಿನದು. ಗುಬ್ಬಿಯ ದನಿ ನನ್ನ ಕಿವಿಯ ಮಿತಿಯಿಂದ ಆಚೆ.

ಬೀದಿಗೆ ಓಡಿದೆ ಎಂದರೆ ಉತ್ಪ್ರೇಕ್ಷೆ, ಕೋಲು ಹಿಡಿದು ಬೇಗ ನಡೆದೆ. ಕೈ ಅಡ್ಡ ಮಾಡಿ ಗಾಡಿ ನಿಲ್ಲಿಸಿದೆ. "ಇವತ್ತ ಬಾಡಿಗಿ ಬ್ಯಾಡ. ಮಿಸ್ತ್ರಿ ಹತ್ರ ನಡಿ."

ಮಗನಿಗೆ ಸಿಟ್ಟು ಬಂತು. ಮಾಲಿನವರು ಕಾಯುತ್ತಿದ್ದರು. ಮಗಳ ಮುಖ ನೋಡಿ ಸುಮ್ಮನಾದ.

ಗ್ಯಾರೇಜಿನ ಗುಂಡಿಗೆ ಇಳಿದ ಮಿಸ್ತ್ರಿ ಬ್ಯಾಟರಿ ಹಿಡಿದು ಹಿಂದಿನ ಕ್ರಾಸ್ ನೋಡಿದ. ಅದರ ಒಂದು ಬಟ್ಟಲಿನ ಸುತ್ತ ಕುಂಕುಮ ಚೆಲ್ಲಿದಂತೆ ಕೆಂಪು ಪುಡಿ. ಒಳಗಿನ ಗ್ರೀಸ್ ಒಣಗಿ, ಸೂಜಿಯಂಥ ಸಣ್ಣ ಬೇರಿಂಗುಗಳು ತುಕ್ಕು ಹಿಡಿದು ಪುಡಿಯಾಗುತ್ತಿದ್ದವು. ಚಿಂವ್ ಚಿಂವ್ ಎಂದದ್ದು ಅದೇ. ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ತಿಂಗಳುಗಟ್ಟಲೆ ತಪ್ಪು ಬಾಗಿನಲ್ಲಿ ತಿರುಗಿ ಅದು ಸವೆದಿತ್ತು.

ಮಿಸ್ತ್ರಿ ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ: "ಸಾಹೇಬ್ರ, ಇದು ಓಡುವಾಗ ಕಿತ್ತಿದ್ರ ಶಾಫ್ಟ್ ರಸ್ತೆಗೆ ಬೀಳತಿತ್ತು. ತುಂಬಿದ ಗಾಡಿ, ರಾತ್ರಿ ಹೊತ್ತು..." ಮಾತು ಮುಗಿಸಲಿಲ್ಲ. ಮಗ ಗೋಡೆಗೆ ಒರಗಿ ನಿಂತ. ನಾನು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟೆ. "ಹೋಗಿ ಬಾ, ಬರೇ ಸದ್ದಷ್ಟ" ಎಂದವನು ನಾನು.

ಮರುದಿನ ಬಾಗನ್ನು ಅಳೆದರು. ಅದಕ್ಕೆ ಬಳಸಿದ್ದು ಮೊಮ್ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ನಡುವೆ ಒಂದು ದಾರ, ದಾರದ ತುದಿಗೆ ಒಂದು ನಟ್ಟು. ಮುಂದಿನ ಕ್ರಾಸಿನಲ್ಲಿ ಬಾಗು 8 ಡಿಗ್ರಿ, ಹಿಂದಿನದರಲ್ಲಿ 4. ಎರಡೂ ಸಮ ಇರಬೇಕಿತ್ತು. ನಡುವೆ ಕೂರಿಸಿದ್ದ ಕಬ್ಬಿಣದ ತುಂಡುಗಳನ್ನು ಬಿಚ್ಚಿ ನೋಡಿದರೆ ಅವು ಸಪಾಟಾಗಿರಲಿಲ್ಲ, ಓರೆಯಾಗಿ ಕತ್ತರಿಸಿದ್ದವು. ಅದರಿಂದ ಹೌಸಿಂಗಿನ ಮೂತಿಯೇ ಮೇಲಕ್ಕೆ ತಿರುಗಿತ್ತು. ತುಂಡುಗಳನ್ನೂ ಹೆಚ್ಚಿನ ಪಾಟಾವನ್ನೂ ತೆಗೆಸಿ, ಟೈರನ್ನೂ ಹಳೆಯ ಅಳತೆಗೆ ತಂದೆವು. ಎರಡೂ ಕಡೆಯ ಬಾಗು 3 ಡಿಗ್ರಿಗೆ ಬಂತು. ಎರಡೂ ಕ್ರಾಸ್ ಹೊಸದು ಹಾಕಿದರು. ಶಾಫ್ಟ್ ಬಿಚ್ಚುವ ಮೊದಲು ಬಣ್ಣದಿಂದ ಗುರುತು ಮಾಡಿಕೊಂಡರು, ಇದ್ದಂತೆಯೇ ತಿರುಗಿ ಜೋಡಿಸದಿದ್ದರೆ ಹೊಸ ನಡುಕ ಶುರುವಾಗುತ್ತದಂತೆ. ಖರ್ಚು ನಲವತ್ತು ಸಾವಿರದ ಹತ್ತಿರವೂ ಸುಳಿಯಲಿಲ್ಲ.

ಆ ರಾತ್ರಿ ಮಗನೊಂದಿಗೆ ಇನ್ನೊಂದು ಲೆಕ್ಕಕ್ಕೂ ಕುಳಿತೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪುಸ್ತಕದಲ್ಲಿರುವ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಇದನ್ನೆಲ್ಲ ನಾನು ಮೊದಲೇ ಹೇಳಬಹುದಿತ್ತು. "ಯಾಕ ಕೈ ಹಚ್ಚಿದಿ" ಎಂದು ಬೈದೆನೇ ಹೊರತು, ಕೆಸರಿನಲ್ಲಿ ಗಾಡಿ ಹೂತಾಗ ಅವನೇನು ಮಾಡಬೇಕೆಂದು ಕೇಳಿರಲಿಲ್ಲ. ಈಗ ಕೇಳಿದೆ. ಹೊಲದಿಂದ ರಸ್ತೆಯವರೆಗೆ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮಾಲು ತಂದುಕೊಟ್ಟರೆ ಬಾಡಿಗೆಯಲ್ಲಿ ಸ್ವಲ್ಪ ಬಿಡುವುದು, ಒಂದು ಅತಿಭಾರದ ಬದಲು ಎರಡು ಸರಿಯಾದ ಸರತಿ ಮಾಡುವುದು ಎಂದು ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಲಾಭ ತುಸು ಕಡಿಮೆ. ನಡೆಯುತ್ತಿದೆ.

ಮಕ್ಕಳೇ, ನಿಮ್ಮ ಸೈಕಲ್ಲೇ ಆಗಲಿ, ಮನೆಯ ಫ್ಯಾನೇ ಆಗಲಿ ಹೊಸ ಸದ್ದು ಮಾಡಿದರೆ ಮೂರು ಕಾಲಮಿನ ಪುಟವೊಂದನ್ನು ಮಾಡಿ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಬರೆಯಿರಿ. ಒಂದು ಬಾರಿಗೆ ಒಂದೇ ಬದಲಾವಣೆ. ಬಿಚ್ಚುವ ಕೆಲಸ ದೊಡ್ಡವರಿಗೆ ಬಿಡಿ. ನಿಮಗೆ ಕೇಳಿಸಿದ್ದು ದೊಡ್ಡವರಿಗೆ ಕೇಳಿಸದಿದ್ದರೆ ಸುಮ್ಮನಾಗಬೇಡಿ, ಇನ್ನೊಮ್ಮೆ ಹೇಳಿ.

ನನ್ನ ವಯಸ್ಸಿನವರಿಗೆ ಹೇಳುವುದು ಇನ್ನೂ ಚಿಕ್ಕದು. ನಮಗೆ ಕೇಳದ್ದನ್ನು ಇಲ್ಲವೆಂದು ಬರೆಯಬಾರದು.

ನೋಟುಬುಕ್ಕಿನ ಆ ಸಾಲನ್ನು ಬ್ಯಾಂಕಿನ ಪದ್ಧತಿಯಂತೆ ಅಳಿಸದೆ ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ "ಗುಬ್ಬಿಯ ಸದ್ದು ಇತ್ತು" ಎಂದು ತಿದ್ದಿದೆ. ಮೊಮ್ಮಗಳಿಂದ ಅದಕ್ಕೆ ಸಹಿ ಹಾಕಿಸಿದೆ. ಕಪಾಟಿನ ಡಬ್ಬಿಯಲ್ಲಿದ್ದ ಯಂತ್ರ ಈಗ ನನ್ನ ಕಿವಿಯಲ್ಲಿದೆ. ಪಾತ್ರೆಯ ಸದ್ದು ಇನ್ನೂ ಜೋರೇ. ದಿನಕ್ಕೆ ಒಂದು ತಾಸು ಹೆಚ್ಚು ಹೆಚ್ಚು ಹಾಕಿಕೊಂಡು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ಮೊನ್ನೆ ಸಂಜೆ ಮಗನ ಗಾಡಿ ಖಾಲಿಯಾಗಿ ಮರಳಿ ಬಂತು. ಬಾಗಿಲಿಗೆ ಬರುವ ತನಕ ನನಗೆ ಗೊತ್ತೇ ಆಗಲಿಲ್ಲ. ಒಳಗಿನಿಂದ ಹೆಂಡತಿ ಕೂಗಿದಳು, "ಸಕ್ಕರಿ ತೀರೇತಿ ನೋಡ್ರಿ." ನಾನು ಚೀಲ ಹಿಡಿದು ಎದ್ದೆ.